ಸಮುದ್ರಕ್ಕೆ ಬೇಲಿ ಕಟ್ಟಿದ ಭಾವಮೈದುನ

ಏಳು ಸಮುದ್ರದ ಆಚೆ ಅಲ್ಲ, ಒಂದೇ ಸಮುದ್ರದ ಈಚೆ. ಮೂಡಣಕ್ಕೆ ಘಟ್ಟ, ಪಡುವಣಕ್ಕೆ ಕಡಲು. ದೋಣಿಯಲ್ಲಿ ಇಬ್ಬರು ದಪ್ಪನೆಯವರ ನಡುವೆ ಕೂತ ಬಡಕಲನ ಹಾಗೆ, ಆ ಎರಡರ ನಡುವೆ ಒಂದು ಸೀಮೆ ಇತ್ತು. ಯಾವ ಕಾಲ ಎಂದು ಕೇಳಬೇಡಿ. ರಾಜರು ಬಾಯಿಗೆ ಬಂದದ್ದನ್ನು ಹೇಳಿ ಅದಕ್ಕೆ ಮುದ್ರೆ ಒತ್ತುತ್ತಿದ್ದ ಕಾಲ. ಯಾವ ಊರು ಎಂದೂ ಕೇಳಬೇಡಿ. ಹೆಸರು ಹೇಳಿದರೆ ಪಕ್ಕದ ಊರಿನವರು "ಅದು ನಮ್ಮ ಕತೆ" ಎಂದು ಜಗಳಕ್ಕೆ ಬರುತ್ತಾರೆ. ಹತ್ತಿರ ಸರಿದು ಕೂತುಕೊಳ್ಳಿ. ಹಿಂದಿನವರು ಕೆಮ್ಮುವುದಿದ್ದರೆ ಈಗಲೇ ಕೆಮ್ಮಿ ಮುಗಿಸಿ.

ಆ ಊರಿನ ಗದ್ದೆ ಎಂಥದ್ದು? ಕೇಳಿ. ನಮ್ಮ ನಿಮ್ಮ ಗದ್ದೆಯ ಹಾಗಲ್ಲ. ನದಿ ಕಡಲಿಗೆ ಸೇರುವ ಬಾಯಿಯಲ್ಲಿ, ಸಮುದ್ರದ ನೀರು ಹತ್ತಿ ಇಳಿಯುವ ಕೆಸರಿನಲ್ಲಿ ಇರುವ ಗದ್ದೆ. ಅದಕ್ಕೆ ಗಜನಿ ಎನ್ನುತ್ತಾರೆ. ಸುತ್ತ ಮಣ್ಣಿನ ಒಡ್ಡು. ಒಡ್ಡಿನ ನಡುವೆ ನೀರಿಗೊಂದು ಬಾಗಿಲು, ಅದಕ್ಕೆ ಜಂತ್ರಡಿ ಎಂದು ಹೆಸರು. ಬಾಗಿಲಿಗೆ ಮರದ ಹಲಗೆ. ಹಲಗೆ ಎತ್ತಿದರೆ ಸಮುದ್ರ ಒಳಗೆ. ಹಲಗೆ ಇಳಿಸಿದರೆ ಸಮುದ್ರ ಹೊರಗೆ. ಇಷ್ಟೇ ವಿದ್ಯೆ. ಆದರೆ ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು? ಅದಕ್ಕೆ ಕಡಲು ಉಬ್ಬುವ ಭರತ ಗೊತ್ತಿರಬೇಕು, ತಗ್ಗುವ ಇಳಿತ ಗೊತ್ತಿರಬೇಕು, ಚಂದ್ರನ ಚಾಳಿ ಗೊತ್ತಿರಬೇಕು.

ಅದು ಗೊತ್ತಿದ್ದವಳು ಊರಿನಲ್ಲಿ ಒಬ್ಬಳೇ. ಸೋಮಿ. ಐವತ್ತು ದಾಟಿದ ಹೆಂಗಸು, ಗಂಡ ಇಲ್ಲ, ಬಾಯಿ ಇತ್ತು. ಹಲಗೆ ಎತ್ತುವ ಕೆಲಸ ಅವಳ ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಅವಳಿಗೆ ಬಂದದ್ದು. ಊರಿನ ಬೀಜದ ಕಣಜವೂ ಅವಳ ಮನೆಯಲ್ಲೇ. ಆ ಬೀಜ ಯಾವುದು? ಕಗ್ಗ. ಉಪ್ಪುನೀರಿಗೆ ಹೆದರದ ಭತ್ತ. ಮುಳ್ಳು ಮೀಸೆಯ, ಕೆಂಪು ಅಕ್ಕಿಯ, ಜಗಿದರೆ ದವಡೆ ನೋಯುವ ಭತ್ತ. ಬೇರೆ ಯಾವ ಊರಿನಲ್ಲೂ ಸಿಗದ್ದು. ಯಾಕೆ ಸಿಗುವುದಿಲ್ಲ? ಬೇರೆ ಊರಿನವರಿಗೆ ಒಳ್ಳೆಯ ಭತ್ತ ಬೆಳೆಯುತ್ತಿತ್ತು, ಅದಕ್ಕೆ.

ಈಗ ರಾಜನ ವಿಷಯ. ರಾಜ ಇದ್ದದ್ದು ಘಟ್ಟದ ಮೇಲೆ. ಅವನು ಸಮುದ್ರ ನೋಡಿರಲಿಲ್ಲ. ಉಪ್ಪು ನೋಡಿದ್ದ. ಅಷ್ಟು ಸಾಕು ಅಂದುಕೊಂಡಿದ್ದ. ಒಂದು ದಿನ ಊಟ ಮಾಡಿ ತಾಂಬೂಲ ಹಾಕಿಕೊಂಡಾಗ ಅವನಿಗೆ ಒಂದು ಯೋಚನೆ ಬಂತು. ಊಟವಾದ ಮೇಲೆ ಬರುವ ಯೋಚನೆಗಳ ಬಗ್ಗೆ ಜಾಗ್ರತೆ ಇರಬೇಕು.

"ಘಟ್ಟದ ಕೆಳಗಿನ ನನ್ನ ಸೀಮೆ ಎಷ್ಟು ಉದ್ದ? ಎಷ್ಟು ಅಗಲ? ಹುಟ್ಟಿದ್ದು ಹೇಗೆ? ಬರೆದು ತನ್ನಿ. ಬರೆದದ್ದಕ್ಕೆಲ್ಲ ಮುದ್ರೆ ಒತ್ತುತ್ತೇನೆ. ಒತ್ತಿದ್ದೆಲ್ಲ ಶಾಸನ."

ಬರೆಯಲು ಹೊರಟವನು ಮಲ್ಲರಸಯ್ಯ ಪಂಡಿತ. ಹನ್ನೆರಡು ವರ್ಷ ಕಾಶಿಯಲ್ಲಿ ಓದಿದವನು. ಲೋಕದಲ್ಲಿ ಏಳು ಸಮುದ್ರ ಎಂದು ಬಾಯಿಪಾಠ ಹೇಳಬಲ್ಲವನು. ಹಾಲಿನದು, ಮೊಸರಿನದು, ತುಪ್ಪದ್ದು, ಕಬ್ಬಿನ ಹಾಲಿನದು, ಹೆಂಡದ್ದು, ಸಿಹಿನೀರಿನದು, ಉಪ್ಪುನೀರಿನದು. ಏಳರಲ್ಲಿ ಒಂದನ್ನೂ ನೋಡಿರಲಿಲ್ಲ. ಓದಿದವನು ನೋಡುವ ಅಗತ್ಯವೇನಿದೆ?

ಪಂಡಿತ ಘಟ್ಟ ಇಳಿಯುವ ಮೊದಲೇ ಸುದ್ದಿ ಇಳಿಯಿತು. ಊರಗೌಡ ಬುದ್ಯಪ್ಪ ಜನ ಸೇರಿಸಿದ. ಈ ಬುದ್ಯಪ್ಪ ಊರಿನಲ್ಲಿ ಎಲ್ಲರಿಗಿಂತ ಬುದ್ಧಿವಂತ. ಇದು ಅವನೇ ಹೇಳುತ್ತಿದ್ದ ಮಾತು.

"ರಾಜ ನೆಲ ಅಳೆಸುವುದು ಎರಡಕ್ಕೇ. ಒಂದು ಕಂದಾಯಕ್ಕೆ, ಇನ್ನೊಂದು ಹೆಚ್ಚು ಕಂದಾಯಕ್ಕೆ. ನೆಲ ಕಂಡರಲ್ಲವೇ ಅಳೆಯುವುದು? ಕಾಣದ ಹಾಗೆ ಮಾಡಿದರಾಯಿತು."

"ನೆಲ ಎಂತ ಕೋಳಿಯಾ ಗೌಡ್ರೆ, ಬುಟ್ಟಿ ಕವುಚಿ ಇಡಲಿಕ್ಕೆ?" ಎಂದಳು ಸೋಮಿ.

"ಬುಟ್ಟಿ ಯಾಕೆ? ನಿನ್ನ ಹಲಗೆ ಇಲ್ಲವಾ? ಭರತದಲ್ಲಿ ಎತ್ತು. ನೀರು ತುಂಬಲಿ. ತುಂಬಿದ ಮೇಲೆ ಇಳಿಸು. ನೀರು ಒಳಗೇ ಇರಲಿ. ಪಂಡಿತ ಬಂದು ನೋಡುತ್ತಾನೆ, ಬರೀ ನೀರು. ಸಮುದ್ರಕ್ಕೆ ಕಂದಾಯ ಹಾಕಿದ ರಾಜ ಎಲ್ಲಾದರೂ ಉಂಟಾ?"

ಜನ ನಕ್ಕರು. ಸೋಮಿ ನಗಲಿಲ್ಲ.

"ಗೌಡ್ರೆ, ಈ ನೆಲವನ್ನು ಸಮುದ್ರದ ಬಾಯಿಂದ ಕಿತ್ತದ್ದು ನನ್ನ ಅಜ್ಜಿಯಂದಿರು. ಬುಟ್ಟಿಬುಟ್ಟಿ ಕೆಸರು ಹೊತ್ತು ಒಡ್ಡು ಹಾಕಿದರು. ನೀವು ಬಾಯಿಮಾತಿನಲ್ಲಿ ಅದನ್ನು ತಿರುಗಿ ಸಮುದ್ರಕ್ಕೆ ಕೊಡುತ್ತಿದ್ದೀರಿ."

"ಮೂರು ದಿನದ ಮಟ್ಟಿಗೆ, ಮಾರಾಯ್ತಿ! ಕೊಟ್ಟ ಹಾಗೆ ಮಾಡುವುದು, ಕೊಡುವುದಲ್ಲ."

ಅತಿಬುದ್ಧಿ ಗತಿಗೇಡು. ಆದರೆ ಊರೇ ಒಂದಾದಾಗ ಒಬ್ಬಳ ಮಾತು ಯಾರಿಗೆ ಬೇಕು? ಅಮಾವಾಸ್ಯೆಯ ಭರತದಲ್ಲಿ ಸೋಮಿ ಹಲಗೆ ಎತ್ತಿದಳು. ಗಜನಿ ತುಂಬಿತು. ಹಲಗೆ ಇಳಿಸಿದಳು. ನೀರು ನಿಂತಿತು. ಎತ್ತಿದ್ದು ತನ್ನ ಕೈ ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು.

ಪಂಡಿತ ಬಂದ. ನೀರಿನ ಅಂಚಿಗೆ ಹೋಗಿ ಬೆರಳು ಅದ್ದಿ ನಾಲಿಗೆಗೆ ಇಟ್ಟ.

"ಹಾಲಲ್ಲ," ಎಂದ. "ಮೊಸರಲ್ಲ. ತುಪ್ಪವಲ್ಲ. ಉಪ್ಪು. ಹಾಗಾದರೆ ಇದು ಸಮುದ್ರವೇ."

"ಎಂಥಾ ಓದು!" ಎಂದ ಬುದ್ಯಪ್ಪ.

"ಇದು ಎಂದಿನಿಂದ ಸಮುದ್ರ?"

"ಹುಟ್ಟಿದಾರಭ್ಯ, ಒಡ್ಯಾ. ಅಮ್ಮನವರ ಆಣೆ."

"ಅಲೆ ಇಲ್ಲವಲ್ಲ?"

"ನಮ್ಮ ಕಡೆ ಸಮುದ್ರ ಸ್ವಲ್ಪ ಸೋಮಾರಿ, ಒಡ್ಯಾ."

ದೂರದಲ್ಲಿ ಒಡ್ಡಿನ ತಲೆ ನೀರಿನ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಪಂಡಿತ ಅದಕ್ಕೆ ಕೈ ತೋರಿಸಿದ. "ಅದೇನು?"

ಬುದ್ಯಪ್ಪ ಅಡ್ಡ ಬಂದು ನಿಂತ. ಒಡ್ಡು ಎಂದರೆ ಗುಟ್ಟು ರಟ್ಟು. "ಅದು... ಅದು ಮೊಸಳೆ ಬೆನ್ನು, ಒಡ್ಯಾ."

"ಅಷ್ಟು ಉದ್ದ?"

"ಹಳೇ ಮೊಸಳೆ."

ಪಂಡಿತ ಎರಡು ಹೆಜ್ಜೆ ಹಿಂದೆ ಸರಿದು ಓಲೆಯಲ್ಲಿ ಬರೆದುಕೊಂಡ.

ಆಮೇಲೆ ಚರಿತ್ರೆ. ಈ ಊರು ಹುಟ್ಟಿದ್ದು ಹೇಗೆ? ಮೂವರು ಹಿರಿಯರು ಎದ್ದರು. ಮೊದಲನೆಯವನು, "ಪರಶುರಾಮ ಕೊಡಲಿ ಬೀಸಿದ, ಅದು ಬಿದ್ದದ್ದು ಇಲ್ಲೇ," ಎಂದ. ಕರಾವಳಿಯಲ್ಲಿ ಎಷ್ಟು ಊರು ಇದೆಯೋ ಅಷ್ಟು ಊರಿನಲ್ಲಿ ಆ ಕೊಡಲಿ ಬಿದ್ದಿದೆ. ಎರಡನೆಯವನು, "ಪಾಂಡವರು ವನವಾಸದಲ್ಲಿ ಇಲ್ಲಿ ಗಂಜಿ ಬೇಯಿಸಿದರು," ಎಂದ. ಅವರು ಗಂಜಿ ಬೇಯಿಸದ ಊರು ಯಾವುದು? ಮೂರನೆಯವನು, "ನನ್ನ ಮುತ್ತಜ್ಜ ಹುಲಿ ಮೇಲೆ ಕೂತು ಬಂದ," ಎಂದ. ಅವನ ಮುತ್ತಜ್ಜ ಎಮ್ಮೆ ಮೇಲೆ ಕೂತು ಬಿದ್ದದ್ದನ್ನು ನೋಡಿದವರು ಇನ್ನೂ ಬದುಕಿದ್ದರು. ಪಂಡಿತ ಮೂರನ್ನೂ ಬರೆದುಕೊಂಡ. ಬುಟ್ಟಿಯಲ್ಲಿ ಕೆಸರು ಹೊತ್ತ ಅಜ್ಜಿಯರ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತಿದರೆ ಒಡ್ಡಿನ ಮಾತು ಬರುತ್ತದೆ. ಅಲ್ಲದೆ, ಕೆಸರು ಹೊತ್ತದ್ದು ಚರಿತ್ರೆಯಾ?

ಕೊನೆಯದು ಆಚಾರ. ಮೂರನೆಯ ದಿನ ಪಂಡಿತ ಊರು ಸುತ್ತುವಾಗ ಒಂದು ಚೋದ್ಯ ಕಂಡ. ಸ್ವತಃ ಊರಗೌಡ ಬುದ್ಯಪ್ಪ ಸೋಮಿಯ ಹಿತ್ತಲಿನಲ್ಲಿ ಬಗ್ಗಿ ಬೇಲಿ ಕಟ್ಟುತ್ತಿದ್ದಾನೆ! ಮೈಯೆಲ್ಲ ಮುಳ್ಳು ಗೀರು. ಸೋಮಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ.

"ಇದೇನಮ್ಮ, ಗೌಡನ ಕೈಲಿ ಬೇಲಿ ಕಟ್ಟಿಸುತ್ತೀಯ? ಆಳಿಲ್ಲವೇ ಅವನಿಗೆ?"

"ಆಳಿದ್ದಾರೆ, ಒಡ್ಯಾ. ಆದರೆ ಬೇಲಿ ಮುರಿದು ನನ್ನ ಹರಿವೆ ಸೊಪ್ಪು ತಿಂದದ್ದು ಆಳಿನ ಎಮ್ಮೆಯಲ್ಲ, ಗೌಡರ ಎಮ್ಮೆ. ಯಾರ ಎಮ್ಮೆಯೋ ಅವರ ಕೈ. ಹೊತ್ತು ಮುಳುಗುವ ಮೊದಲು ಕಟ್ಟಬೇಕು. ಕಟ್ಟುವ ತನಕ ಅನ್ನ ಮುಟ್ಟುವ ಹಾಗಿಲ್ಲ. ಗೌಡರಾದರೂ ಅಷ್ಟೇ, ಗುರುಗಳಾದರೂ ಅಷ್ಟೇ."

ಪಂಡಿತನಿಗೆ ಇದು ಬಹಳ ಹಿಡಿಸಿತು. ಬರೆಯಲು ಕೂತ. ಆದರೆ 'ಎಮ್ಮೆ' ಎನ್ನುವುದು ಅರಮನೆಯಲ್ಲಿ ಓದುವ ಪದವೇ? ಸಗಣಿ ವಾಸನೆ ಬರುವುದಿಲ್ಲವೇ? ಹಾಗಾಗಿ ಗಂಭೀರವಾಗಿ ಬರೆದ: 'ಯಾರ ಒಡೆತನದ ಚಲಿಸುವ ಸ್ವತ್ತು ಎಲ್ಲೆ ಮೀರಿ ಪರರ ಬೇಲಿಯನ್ನು ಮುರಿಯುವುದೋ, ಆ ಒಡೆಯನು ಸ್ವಹಸ್ತದಿಂದ, ಸೂರ್ಯಾಸ್ತದ ಒಳಗೆ, ಉಪವಾಸದಲ್ಲಿದ್ದು ಅದನ್ನು ಕಟ್ಟತಕ್ಕದ್ದು.'

ನೆನಪಿಟ್ಟುಕೊಳ್ಳಿ ಇದನ್ನು. ಆ ಮೂಲೆಯಲ್ಲಿ ತೂಕಡಿಸುತ್ತಿರುವವರನ್ನು ಒಮ್ಮೆ ತಿವಿಯಿರಿ.

ಪಂಡಿತ ಹೋದ. ಊರಿನವರು ಹಬ್ಬ ಮಾಡಿದರು. ಸೋಮಿ ಇಳಿತ ನೋಡಿ ಹಲಗೆ ಎತ್ತಿ ನೀರು ಬಿಟ್ಟು, ಮತ್ತೆ ಹಲಗೆ ಇಳಿಸಿದಳು. ಗಜನಿ ಎಂದಿನಂತೆ ಗಜನಿಯಾಯಿತು. ರೋಹಿಣಿ ಮಳೆ ಬಂದು ಉಪ್ಪು ತೊಳೆಯಿತು. ಎಲ್ಲ ಸುಖ. ಹಾಗಾದರೆ ಕತೆ ಮುಗಿಯಿತೇ? ಅಷ್ಟು ಬೇಗ ಮುಗಿದರೆ ನಿಮಗೆ ಮನೆಗೆ ಹೋಗಿ ಮಾಡುವುದಕ್ಕೇನಿದೆ?

ಅತ್ತ ಅರಮನೆಯಲ್ಲಿ ರಾಜ ಪುಸ್ತಕ ಓದಿಸಿ ಕೇಳಿದ. 'ಊರ ಹಿತ್ತಲುಗಳ ಬೇಲಿಯ ತನಕ ನೆಲ. ಅಲ್ಲಿಂದ ಆಚೆ ಸಮುದ್ರ. ನಡುವೆ ಒಂದು ಮೊಸಳೆ.' ರಾಜ ಮುದ್ರೆ ಒತ್ತಿದ. ಆಮೇಲೆ ಕೇಳಿದ: "ಈ ಸಮುದ್ರ ಯಾರದ್ದು?"

ಪಂಡಿತ ಓಲೆ ಮಗುಚಿದ. "ಯಾರದ್ದೂ ಎಂದು ಬರೆದಿಲ್ಲ, ಪ್ರಭು."

ಪಕ್ಕದಲ್ಲೇ ಕೂತಿದ್ದ ರಾಜನ ಭಾವಮೈದುನ ಸಿಂಗರಸ. ಅರಮನೆಯಲ್ಲಿ ಉಣ್ಣುವುದು, ಮಲಗುವುದು, ಎದ್ದು 'ನನಗೆ ಏನೂ ಕೊಟ್ಟಿಲ್ಲ' ಎನ್ನುವುದು ಅವನ ಉದ್ಯೋಗ. ಅವನ ಕಿವಿ ನೆಟ್ಟಗಾಯಿತು.

"ಭಾವ, ಅದು ನನಗಿರಲಿ."

ರಾಜನಿಗೂ ಇವನನ್ನು ಘಟ್ಟ ಇಳಿಸಬೇಕಿತ್ತು. ಸಮುದ್ರವನ್ನು ಅದೇ ಪುಸ್ತಕದಲ್ಲಿ ಬರೆದುಕೊಟ್ಟು ಅದೇ ಮುದ್ರೆ ಒತ್ತಿದ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಸೋಮಿ ಬೀಜ ನೆನೆಹಾಕಿ, ಬುಟ್ಟಿಯಲ್ಲಿ ಕಟ್ಟಿಟ್ಟಿದ್ದಳು. ಊರಿಗೆಲ್ಲ ಸಾಲುವ ಬೀಜ. ಮೊಳಕೆ ಒಡೆಯುತ್ತಿತ್ತು. ಕಗ್ಗದ ಮೊಳಕೆಯ ಸ್ವಭಾವ ಕೇಳಿ. ಮೊದಲ ದಿನ ಸಾಸಿವೆಯಷ್ಟು. ಎರಡನೆಯ ದಿನ ಇರುವೆಯಷ್ಟು. ಮೂರನೆಯ ದಿನ ಸೀಗಡಿಯ ಮೀಸೆಯಷ್ಟು. ಮೂರನೆಯ ದಿನ ಹೊತ್ತು ಮುಳುಗುವ ಮೊದಲು ಕೆಸರಿಗೆ ಬಿತ್ತಬೇಕು. ತಪ್ಪಿದರೆ ಬುಟ್ಟಿಯಲ್ಲೇ ಬಿಸಿಯೇರಿ ಕೊಳೆಯುತ್ತದೆ. ಕೊಳೆತರೆ? ಈ ವರ್ಷ ಅನ್ನವಿಲ್ಲ. ಮುಂದಿನ ವರ್ಷ ಬಿತ್ತಲು ಬೀಜವೂ ಇಲ್ಲ. ಕಗ್ಗದ ವಂಶವೇ ನಿರ್ವಂಶ.

ಮೊಳಕೆ ಸಾಸಿವೆಯಷ್ಟು ಇದ್ದ ದಿನ ಬೆಳಿಗ್ಗೆ ಸಿಂಗರಸ ಬಂದ. ಪಲ್ಲಕ್ಕಿ, ಛತ್ರಿ, ಹನ್ನೆರಡು ಆಳು. ಹಿಂದೆ ಪುಸ್ತಕ ಹೊತ್ತ ಮಲ್ಲರಸಯ್ಯ. ಸಿಂಗರಸ ಪಲ್ಲಕ್ಕಿ ಇಳಿದು ಸೋಮಿಯ ಹಿತ್ತಲಿನ ಬೇಲಿಯಾಚೆ ನೋಡಿದ. ಕಣ್ಣು ಹಾಯುವಷ್ಟು ದೂರ ಕೆಸರು. ಕೆಸರಿನಲ್ಲಿ ನಾಲ್ಕು ಬೆಳ್ಳಕ್ಕಿ.

"ನನ್ನ ಸಮುದ್ರ ಎಲ್ಲಿ?"

ಊರಿನವರು ಬುದ್ಯಪ್ಪನ ಕಡೆ ತಿರುಗಿದರು.

"ಯಾರು ಕದ್ದರು?"

ಬುದ್ಯಪ್ಪ ಬಂದು ಕೈಮುಗಿದ. "ಒಡ್ಯಾ, ಇದು ಗದ್ದೆ. ನಾವು ಉಣ್ಣುವ ಗದ್ದೆ."

ಪಂಡಿತ ಪುಸ್ತಕ ಬಿಚ್ಚಿದ. "ಹುಟ್ಟಿದಾರಭ್ಯ ಸಮುದ್ರ ಎಂದು ಅಮ್ಮನವರ ಆಣೆ ಇಟ್ಟವನು ನೀನೇ. ಗದ್ದೆಯಾದರೆ ಅಂದು ರಾಜನಿಗೆ ಸುಳ್ಳು ಹೇಳಿದ್ದೀಯ. ರಾಜನಿಗೆ ಸುಳ್ಳು ಹೇಳಿದವನ ತಲೆ ಎಲ್ಲಿರುತ್ತದೆ ಗೊತ್ತೇ?"

ಬುದ್ಯಪ್ಪ ತನ್ನ ತಲೆಯನ್ನು ಮುಟ್ಟಿ ನೋಡಿಕೊಂಡ. "ಸಮುದ್ರವೇ, ಒಡ್ಯಾ," ಎಂದ. "ಸ್ವಲ್ಪ ಆಚೆ ಹೋಗಿದೆ. ನೀರಿನ ಬಾಗಿಲು ತೆಗೆದರೆ ಬರುತ್ತದೆ."

"ಬರಿಸಿ!" ಎಂದ ಸಿಂಗರಸ. "ಆ ಬಾಗಿಲು ತೆಗೆಯಿರಿ. ಇನ್ನು ಅದನ್ನು ಯಾರೂ ಮುಚ್ಚಕೂಡದು. ನನ್ನ ಸಮುದ್ರದಲ್ಲಿ ಯಾರೂ ಕಾಲಿಡಕೂಡದು. ಮೀನು ನನ್ನದು, ಸೀಗಡಿ ನನ್ನದು, ಚಿಪ್ಪು ನನ್ನದು, ಕೆಸರೂ ನನ್ನದು."

ಸೋಮಿ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಮುಂದೆ ಬಂದಳು. "ಒಡ್ಯಾ, ಬೀಜ ಮೊಳೆತಿದೆ. ಇದೊಂದು ಬಿತ್ತನೆ ಮಾಡಿಕೊಳ್ಳುತ್ತೇವೆ."

"ಸಮುದ್ರದಲ್ಲಿ ಭತ್ತ ಬಿತ್ತುತ್ತಾಳಂತೆ! ಏ ಮುದುಕಿ, ಒಂದು ಕಾಳು ಬಿದ್ದರೂ ನಿನ್ನನ್ನು ಮೊಸಳೆಗೆ ಹಾಕಿಸುತ್ತೇನೆ."

ಆಳುಗಳು ಹೋಗಿ ಹಲಗೆ ಎತ್ತಿದರು. ಹೇಗೆ ಎತ್ತಬೇಕು ಎಂದು ಗೊತ್ತಿಲ್ಲದೆ ಎತ್ತಿದರು. ಒಡ್ಡಿನ ಒಂದು ಪಕ್ಕ ಕುಸಿಯಿತು. ಸಮುದ್ರ ನಿಧಾನಕ್ಕೆ, ಕರೆಯದೆ ಬಂದ ನೆಂಟನ ಹಾಗೆ, ಒಳಗೆ ಬಂತು. ಸಿಂಗರಸ ಕೈ ತಟ್ಟಿ ನಕ್ಕ.

ಊರಿನ ಹೆಂಗಸರು ಸೋಮಿಯ ಜಗುಲಿಯಲ್ಲಿ ಕೂತು ಅತ್ತರು. ಬುದ್ಯಪ್ಪ ಮೂಲೆಯಲ್ಲಿ ಕೂತ.

"ಸೋಮಿ, ನನ್ನ ಬುದ್ಧಿಗೆ ಬೆಂಕಿ ಹಾಕ."

"ಹಾಕಬಹುದಿತ್ತು. ಹತ್ತಿಕೊಳ್ಳಲಿಕ್ಕೆ ಏನಾದರೂ ಇರಬೇಕಲ್ಲ, ಗೌಡ್ರೆ."

ಹಾಗೆಂದವಳು ಸುಮ್ಮನೆ ಹಿತ್ತಲು ನೋಡಿದಳು. ಬುದ್ಯಪ್ಪ ಕಟ್ಟಿದ ಬೇಲಿ ನೋಡಿದಳು. ಆಕಾಶ ನೋಡಿದಳು. ಮರುದಿನ ಯಾವ ತಿಥಿ? ಅಮಾವಾಸ್ಯೆ. ಅಮಾವಾಸ್ಯೆಯ ಭರತ ಎಲ್ಲಿಯ ತನಕ ಬರುತ್ತದೆ? ಹಲಗೆ ಇಳಿಸಿದ್ದರೆ ಒಡ್ಡಿನ ತನಕ. ಹಲಗೆ ತೆಗೆದಿದ್ದರೆ? ಸೋಮಿ ಬುಟ್ಟಿಗೆ ನೀರು ಚಿಮುಕಿಸಿ, ಒದ್ದೆ ಗೋಣಿ ಹೊದೆಸಿದಳು. "ಅಳಬೇಡಿ. ಹೋಗಿ ಅನ್ನ ಮಾಡಿ. ನಾಳೆ ಒಬ್ಬರು ಉಪವಾಸ ಇರಲಿಕ್ಕುಂಟು," ಎಂದಳು.

ಮರುದಿನ ಮೊಳಕೆ ಇರುವೆಯಷ್ಟು. ನಸುಕಿನ ಭರತ ಉಬ್ಬಿ ಬಂತು. ತಡೆಯುವ ಹಲಗೆ ಇಲ್ಲ. ಗಜನಿ ದಾಟಿತು, ಸೋಮಿಯ ಬೇಲಿ ಮುರಿಯಿತು, ಹರಿವೆ ಮಡಿಯಲ್ಲೆಲ್ಲ ಹೊರಳಾಡಿ ಇಳಿದುಹೋಯಿತು. ಹರಿವೆ ಬೇಯಿಸಿದ ಹಾಗೆ ಬಾಡಿತು. ಉಪ್ಪು ಹಾಕುವ ಕೆಲಸವೂ ಉಳಿಯಿತು.

ಸಿಂಗರಸ ತಾನು ಇಳಿದುಕೊಂಡ ಮನೆಯಲ್ಲಿ ಎಲೆಯ ಮುಂದೆ ಕೂತಿದ್ದ. ತುತ್ತು ಬಾಯಿಯ ಹತ್ತಿರ. ಸೋಮಿ ಬಾಡಿದ ಹರಿವೆಯ ಗಿಡ ಹಿಡಿದು ಬಾಗಿಲಲ್ಲಿ ನಿಂತಳು.

"ಒಡ್ಯಾ, ತುತ್ತು ಕೆಳಗಿಡಿ. ನಿಮ್ಮ ಸಮುದ್ರ ನನ್ನ ಹಿತ್ತಲಿಗೆ ನುಗ್ಗಿ ಹರಿವೆ ತಿಂದಿದೆ. ಬಂದು ಬೇಲಿ ಕಟ್ಟಿ."

ಆಳುಗಳು ನಕ್ಕರು. ಸಿಂಗರಸ ನಕ್ಕ. ಪಂಡಿತ ಮಾತ್ರ ನಗಲಿಲ್ಲ. ಅವನಿಗೆ ತಾನು ಬರೆದದ್ದು ನೆನಪಿತ್ತು. ಬರೆಯುವವರಿಗೆ ಅದೊಂದು ರೋಗ.

"ಆಳು ಕಳಿಸುತ್ತೇನೆ, ನಡಿ," ಎಂದ ಸಿಂಗರಸ.

"ಸಮುದ್ರ ಆಳಿನದ್ದಾದರೆ ಆಳು ಬರಲಿ. ಯಾರದ್ದು ಅದು?"

"ನನ್ನದು!"

"ಹಾಗಾದರೆ ಕೈಯೂ ನಿಮ್ಮದೇ ಆಗಬೇಕು. ಪಂಡಿತರನ್ನು ಕೇಳಿ."

ಪಂಡಿತ ಕೆಮ್ಮಿ, ಪುಸ್ತಕ ಬಿಚ್ಚಿ ಓದಿದ. ಚಲಿಸುವ ಸ್ವತ್ತು. ಎಲ್ಲೆ ಮೀರಿ. ಸ್ವಹಸ್ತದಿಂದ. ಸೂರ್ಯಾಸ್ತದ ಒಳಗೆ. ಉಪವಾಸದಲ್ಲಿದ್ದು. ಕೆಳಗೆ ರಾಜಮುದ್ರೆ.

"ಅದು ದನಕ್ಕೆ ಬರೆದದ್ದು!"

"ದನ ಎಂದು ಬರೆದಿಲ್ಲ," ಎಂದ ಪಂಡಿತ. ಸ್ವಲ್ಪ ನೋವಿನಿಂದಲೇ ಎಂದ. "ಸಮುದ್ರವು ಚಲಿಸುತ್ತದೆ ಎಂಬುದು ಪ್ರತ್ಯಕ್ಷ ಪ್ರಮಾಣ."

"ನಾನು ಒಪ್ಪುವುದಿಲ್ಲ. ಆ ಸಾಲು ಸುಳ್ಳು."

ಸೋಮಿ ಹರಿವೆ ಗಿಡವನ್ನು ಎಲೆಯ ಪಕ್ಕದಲ್ಲಿ ಇಟ್ಟಳು. "ನಾನು ಓದದವಳು, ಒಡ್ಯಾ. ಒಂದೇ ಪುಸ್ತಕ, ಒಂದೇ ಮುದ್ರೆ. ಬೇಲಿಯ ಸಾಲು ಸುಳ್ಳಾದರೆ ಸಮುದ್ರ ನಿಮ್ಮದು ಎನ್ನುವ ಸಾಲು ನಿಜ ಹೇಗಾಗುತ್ತದೆ? ಅಷ್ಟು ಹೇಳಿಬಿಡಿ, ಹೋಗುತ್ತೇನೆ."

ಹಾವು ಹಿಡಿದವನ ಕತೆ. ಬಿಟ್ಟರೆ ಕಚ್ಚುತ್ತದೆ, ಹಿಡಿದರೆ ಸುತ್ತುತ್ತದೆ. ಸಿಂಗರಸ ತುತ್ತು ಕೆಳಗಿಟ್ಟ.

ಬಿದಿರು ತಂದು, ಮುಳ್ಳು ತಂದು, ರೇಷ್ಮೆ ಪಂಚೆ ಎತ್ತಿ ಕಟ್ಟಿ ಬೇಲಿ ಹಾಕಿದ. ಊರೆಲ್ಲ ನಿಂತು ನೋಡಿತು.

"ಎಡಕ್ಕೆ ಎಳೆಯಿರಿ, ಒಡ್ಯಾ," ಎಂದ ಬುದ್ಯಪ್ಪ. ಅನುಭವಸ್ಥ. "ಹಾಗಲ್ಲ, ಮುಳ್ಳು ಆಚೆ ಮುಖ ಇರಬೇಕು."

ಮಧ್ಯಾಹ್ನ ದಾಟಿದ ಮೇಲೆ ಬೇಲಿ ಮುಗಿಯಿತು. ಸಿಂಗರಸ ಕೈ ತೊಳೆದು ಎಲೆಯ ಮುಂದೆ ಕೂತ. ಅನ್ನ ಬಡಿಸಿದರು. ಸಾರು ಬಡಿಸಿದರು. ಅಷ್ಟರಲ್ಲಿ ಬಾಗಿಲಲ್ಲಿ ಸೋಮಿ.

"ಒಡ್ಯಾ, ತುತ್ತು ಕೆಳಗಿಡಿ."

"ಮತ್ತೇನು?"

"ಮತ್ತೆ ಬಂತು."

"ಈಗ ತಾನೇ ಬಂದು ಹೋಯಿತಲ್ಲ!"

"ಎಮ್ಮೆಯಾದರೆ ದಿನಕ್ಕೆ ಒಂದು ಸಲ ಬರುತ್ತದೆ. ಬೈದರೆ ಎರಡು ದಿನ ಬರುವುದಿಲ್ಲ. ಸಮುದ್ರ ದಿನಕ್ಕೆ ಎರಡು ಸಲ. ಬೈಗುಳಕ್ಕೂ ಬಗ್ಗುವುದಿಲ್ಲ. ಒಳ್ಳೆ ಜಾತಿಯ ಸ್ವತ್ತು, ಒಡ್ಯಾ, ನಿಮಗೆ ಸಿಕ್ಕಿದ್ದು."

ಎರಡನೆಯ ಸಲ ಬೇಲಿಯ ಬುಡಕ್ಕೆ ಮಣ್ಣು ಮೆತ್ತಿ ಕಟ್ಟಿದ. ಹೊತ್ತು ಮುಳುಗಲು ಅಂಗೈಯಗಲ ಇದ್ದಾಗ ಮುಗಿಯಿತು. ತಣ್ಣಗಾದ ಅನ್ನ ಉಂಡು ಬಿದ್ದುಕೊಂಡ.

ಮೂರನೆಯ ದಿನ. ಮೊಳಕೆ ಸೀಗಡಿಯ ಮೀಸೆಯಷ್ಟು. ಬುಟ್ಟಿಗೆ ಕೈಯಿಟ್ಟರೆ ಬಿಸಿ. ಇವತ್ತು ಇಲ್ಲದಿದ್ದರೆ ಇನ್ನಿಲ್ಲ. ನಸುಕಿನ ಭರತ ಬಂತು, ಬೇಲಿ ಹೋಯಿತು, ಮೆತ್ತಿದ ಮಣ್ಣು ಹೋಯಿತು. ಸೋಮಿ ಮಾತಾಡುವ ಮೊದಲೇ ಸಿಂಗರಸ ತುತ್ತು ಕೆಳಗಿಟ್ಟ. ಅಭ್ಯಾಸವಾಗಿತ್ತು.

"ಅಮ್ಮಾ," ಎಂದ. ಮುದುಕಿ ಹೋಗಿ ಅಮ್ಮ ಆಗಿದ್ದಳು. ಹಸಿವು ಏನೆಲ್ಲ ಕಲಿಸುತ್ತದೆ! "ಇದಕ್ಕೆ ಕೊನೆ ಇಲ್ಲವೇ?"

"ಒಡ್ಯಾ, ಎಮ್ಮೆ ಹಿತ್ತಲಿಗೆ ಬರುತ್ತದೆ ಎಂದು ಊರಿನ ಹಿತ್ತಲಿಗೆಲ್ಲ ಬೇಲಿ ಹಾಕುತ್ತಾರೆಯೇ? ಕೊಟ್ಟಿಗೆಯ ಬಾಗಿಲು ಹಾಕುತ್ತಾರೆ."

"ಇದರ ಕೊಟ್ಟಿಗೆ ಎಲ್ಲಿ?"

ಸೋಮಿ ದೂರದ ಒಡ್ಡಿನ ಕಡೆ ಕೈ ತೋರಿಸಿದಳು.

"ಅದು ಮೊಸಳೆಯಲ್ಲವೇ?"

"ಸೌಮ್ಯ ಮೊಸಳೆ. ಬನ್ನಿ."

ಇಳಿತದ ಕೆಸರಿನಲ್ಲಿ ರಾಜನ ಭಾವಮೈದುನ ಮೊಣಕಾಲುದ್ದ ಹೂತು ನಡೆದ. ಮುಂದೆ ಸೋಮಿ, ಹಿಂದೆ ಪಂಡಿತ, ಪಂಡಿತನ ತಲೆಯ ಮೇಲೆ ಪುಸ್ತಕ. ಸೋಮಿ ತನ್ನ ಅಜ್ಜಿಯ ಬುಟ್ಟಿಯನ್ನು ಸಿಂಗರಸನ ಕೈಗೆ ಕೊಟ್ಟಳು. ಒಂದು ಬುಟ್ಟಿ ಕೆಸರು ತುಂಬಿದ, ಹೊತ್ತ, ಕುಸಿದ ಕಡೆ ಸುರಿದ, ತುಳಿದ. ಎರಡು ಬುಟ್ಟಿ. ಮೂರು ಬುಟ್ಟಿ. ನೂರು ಬುಟ್ಟಿ.

"ಈ ಮೊಸಳೆಯನ್ನು ಯಾರು ಮಾಡಿದರಮ್ಮ?" ಎಂದು ಕೇಳಿದ, ಏದುಸಿರು ಬಿಡುತ್ತಾ.

"ನನ್ನ ಅಜ್ಜಿ, ಅವಳ ಅಜ್ಜಿ, ಅವರ ಓರಗಿತ್ತಿಯರು. ಇದೇ ಬುಟ್ಟಿಯಲ್ಲಿ."

ಪಂಡಿತ ಓಲೆ ತೆಗೆಯಲು ಹೋದ. ಕೈ ಕೆಸರಾಗಿತ್ತು. ಬರೆಯಲಾಗಲಿಲ್ಲ. ಆದರೆ ಊರಿನ ಚರಿತ್ರೆಯನ್ನು ಅವನು ಮೊದಲ ಸಲ ಕೇಳಿದ್ದು ಆವಾಗ. ಭೂಗೋಳ ಆಗಲೇ ಮೊಣಕಾಲಿನ ತನಕ ಅರ್ಥವಾಗಿತ್ತು.

ಒಡ್ಡು ನಿಂತಿತು. "ಈಗ ಹಲಗೆ ಇಳಿಸಿ, ಒಡ್ಯಾ. ನಿಮ್ಮ ಕೈಯಾರೆ." ಇಳಿಸಿದ. ಇಳಿಹೊತ್ತಿನ ಭರತ ಬಂತು, ಹಲಗೆಗೆ ಹಣೆ ಹಚ್ಚಿತು, ಹೊರಗೆ ನಿಂತಿತು. ಒಳಗೆ ಗಜನಿ. ಸಿಂಗರಸ ಒಡ್ಡಿನ ಮೇಲೆ ಕೂತು, ತನ್ನ ಕೈಗಳನ್ನು ತಾನೇ ನೋಡಿಕೊಂಡ. ಅಷ್ಟರಲ್ಲಿ ಹೊಟ್ಟೆಯೊಳಗಿದ್ದ ಹಳೆಯ ಬುದ್ಧಿ ಮತ್ತೆ ಎದ್ದಿತು.

"ಆದರೆ ಒಳಗಿನ ಈ ಕೆಸರೂ ನನ್ನದೇ. ಪುಸ್ತಕದಲ್ಲಿ ಇದು ಸಮುದ್ರ."

"ನಿಮ್ಮದೇ," ಎಂದಳು ಸೋಮಿ. "ಹಲಗೆ ಎತ್ತಿಬಿಡಲಾ? ಸಮುದ್ರ ಒಳಗೆ ಬರಲಿ. ಹಿತ್ತಲಿಗೂ ಬರಲಿ. ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ನೀವು ಘಟ್ಟ ಇಳಿದು ಬನ್ನಿ. ಮಳೆಗಾಲದಲ್ಲಿ ಇದಕ್ಕೆ ಹುಚ್ಚು ಬರುತ್ತದೆ, ಆಗ ಇಲ್ಲೇ ಮನೆ ಮಾಡಿ. ಆಚೆ ದಂಡೆಯ ಊರಿನ ಬೇಲಿಯನ್ನೂ ನಿನ್ನೆ ಮುರಿದಿದೆಯಂತೆ. ಅವರೂ ಹೊರಟಿದ್ದಾರೆ, ನಿಮ್ಮನ್ನು ಕರೆಯಲಿಕ್ಕೆ. ಅದರ ಆಚೆ ಇನ್ನೂ ನಲವತ್ತು ಊರುಂಟು."

ಸಿಂಗರಸ ದಂಡೆಯ ಉದ್ದಕ್ಕೂ ನೋಡಿದ. ದಂಡೆ ಮುಗಿಯಲಿಲ್ಲ. ಸಮುದ್ರದ ನೆಂಟಸ್ತಿಕೆ, ಉಪ್ಪಿಗೆ ಬಡತನ ಎನ್ನುತ್ತಾರಲ್ಲ, ಒಡೆತನವಾದರೆ ಅನ್ನಕ್ಕೂ ಬಡತನ.

"ಈ ಸಮುದ್ರ ನನಗೆ ಬೇಡ!"

"ಬೇಡ ಎಂದರೆ ಹೇಗೆ? ಬೇಡದ ಎಮ್ಮೆಗೂ ಒಡೆಯ ಒಡೆಯನೇ."

"ಮಾರುತ್ತೇನೆ!"

"ಕೊಳ್ಳುವ ಹುಚ್ಚರು ಈ ಕಡೆ ಇಲ್ಲ. ಘಟ್ಟದ ಮೇಲೆ ವಿಚಾರಿಸಿ."

"ಹಾಗಾದರೆ ಬಿಡಿಸಿಕೊಳ್ಳುವ ದಾರಿ ಯಾವುದು, ತಾಯಿ?"

ಮುದುಕಿ ಅಮ್ಮ ಆಗಿ, ಅಮ್ಮ ತಾಯಿ ಆದಳು. ಸೋಮಿ ಬುಟ್ಟಿಯ ಮೇಲಿನ ಗೋಣಿ ಸರಿಸಿದಳು. ಹೊತ್ತು ವಾಲಿತ್ತು.

"ಒಡೆಯನಿಲ್ಲದೆ ತಿರುಗುವ ಪ್ರಾಣಿ ನಮ್ಮ ಊರಿನಲ್ಲಿ ಒಂದೇ. ದೇವರಿಗೆ ಬಿಟ್ಟ ಗೂಳಿ. ಅದು ಎಲ್ಲಿ ಮೇಯ್ದರೂ ಕೇಳುವವರಿಲ್ಲ. ಅದನ್ನು ಕಟ್ಟಿಕೊಳ್ಳುವವರೂ ಇಲ್ಲ."

ಸಿಂಗರಸ ಎದ್ದು ನಿಂತ. ಬೊಗಸೆಯಲ್ಲಿ ಸಮುದ್ರದ ನೀರು ಎತ್ತಿದ. "ದೇವರಿಗೆ ಬಿಟ್ಟೆ! ದೇವರಿಗೆ ಬಿಟ್ಟೆ! ದೇವರಿಗೆ ಬಿಟ್ಟೆ!" ಎಂದು ಮೂರು ಸಲ ಕೂಗಿ ನೀರು ಚೆಲ್ಲಿದ. ಪಂಡಿತ ಸಾಕ್ಷಿ. ಬುದ್ಯಪ್ಪ ಸಾಕ್ಷಿ. ನಾಲ್ಕು ಬೆಳ್ಳಕ್ಕಿ ಸಾಕ್ಷಿ. ಆಮೇಲೆ ಸಿಂಗರಸ ಹಿಂದೆ ನೋಡಲಿಲ್ಲ. ಪಲ್ಲಕ್ಕಿಯವರು ಅವನನ್ನು ಹಿಡಿದದ್ದು ಘಟ್ಟದ ಅರ್ಧದಲ್ಲಿ.

ಸೋಮಿ ಕಾಯಲಿಲ್ಲ. ಬುಟ್ಟಿಗೆ ಕೈ ಹಾಕಿ ಬಿತ್ತಿದಳು. ಊರ ಹೆಂಗಸರೆಲ್ಲ ಇಳಿದರು. ಬುದ್ಯಪ್ಪನೂ ಇಳಿದ. ಕೊನೆಯ ಹಿಡಿ ಬೀಳುವಾಗ ಹೊತ್ತು ಮುಳುಗಿತು. ಮಳೆ ಹನಿಯಿತು. ಒಳಗೆ ಬಂದಿದ್ದ ಉಪ್ಪನ್ನು ತೊಳೆಯುವಷ್ಟು ಹನಿಯಿತು.

ಹೊರಡುವ ಮೊದಲು ಪಂಡಿತ ಸೋಮಿಯ ಜಗುಲಿಗೆ ಬಂದಿದ್ದ. "ಅಮ್ಮಾ, ಪುಸ್ತಕ ತಿದ್ದಲೇ? ಇಲ್ಲಿ ಗದ್ದೆ ಎಂದು ಬರೆಯಲೇ?"

"ಬರೆದರೆ ಗೌಡರ ತಲೆ ಹೋಗುತ್ತದೆ. ಇದ್ದೂ ಉಪಯೋಗವಿಲ್ಲ, ಆದರೂ ಇರಲಿ. ಸಮುದ್ರ ಎಂದೇ ಇರಲಿ, ಒಡ್ಯಾ. ಅಜ್ಜಿಯರ ಹೆಸರು ಮಾತ್ರ ಒಂದು ಸಾಲು ಬರೆಯಿರಿ."

ಪಂಡಿತ ಬರೆದನೇ? ಬರೆದ. ಆದರೆ 'ಕೆಸರು' ಎನ್ನುವುದು ಅರಮನೆಯಲ್ಲಿ ಓದುವ ಪದವೇ? ಏನೋ ಗಂಭೀರವಾಗಿ ಬರೆದ. ಆಮೇಲೆ ಯಾರಿಗೂ ಅರ್ಥವಾಗಲಿಲ್ಲ.

ಅರಮನೆ ಬಿದ್ದುಹೋಯಿತು. ಪುಸ್ತಕ ಎಲ್ಲೋ ಉಳಿದಿದೆಯಂತೆ. ಅದರಲ್ಲಿ ಇವತ್ತಿಗೂ ಆ ಜಾಗ ಸಮುದ್ರ, ನಡುವೆ ಒಂದು ಮೊಸಳೆ. ಆ ಸಮುದ್ರದಲ್ಲಿ ಬೆಳೆದ ಅಕ್ಕಿ ಕೆಂಪು, ದವಡೆ ನೋಯುತ್ತದೆ. ಒಡ್ಡು? ಮುಂದಿನ ಹುಣ್ಣಿಮೆಗೆ ಮತ್ತೆ ಕುಸಿಯಿತು. ಕಟ್ಟಿದ್ದು ಯಾರು? ದೇವರಿಗೆ ಬಿಟ್ಟ ಗೂಳಿ ಬೇಲಿ ಮುರಿದರೆ ದೇವರು ಬಂದು ಕಟ್ಟುತ್ತಾನೆಯೇ? ಸೋಮಿಯೇ ಕಟ್ಟಿದಳು. ಪಕ್ಕದಲ್ಲಿ ಬುದ್ಯಪ್ಪ ನಿಂತು, ಹೇಗೆ ಕಟ್ಟಬೇಕೆಂದು ಹೇಳಿದ.

ಅಂದಿನಿಂದ ಸಮುದ್ರಕ್ಕೆ ಒಡೆಯನಿಲ್ಲ. ದಂಡೆಗೆ ಹೋಗಿ ಕಿವಿಗೊಡಿ, ಗೂಳಿ ಗುಟುರು ಹಾಕುವುದು ಕೇಳುತ್ತದೆ. ಯಾರಾದರೂ ಬಂದು 'ಇದು ನನ್ನದು' ಎಂದರೆ ಜಗಳ ಮಾಡಬೇಡಿ. ಕೈಗೆ ಒಂದು ಬುಟ್ಟಿ ಕೊಡಿ.

ನೀರು ಇಳಿಯಿತು, ಕತೆ ತಳ ಕಂಡಿತು. ಅವರು ಅಲ್ಲಿ ಕೆಸರಿನಲ್ಲಿ, ನಾವು ಇಲ್ಲಿ ಚಾಪೆಯಲ್ಲಿ. ಏಳಿ, ಚಾಪೆ ಸುತ್ತಿ. ಯಾರು ಹಾಸಿದರೋ ಅವರ ಕೈ.